ಗೇಟಕ್ಕನ ಮೂವತ್ತು ನಿಮಿಷ

ಹಿಮ ಕರಗಲು ಶುರುವಾಗಿ ಒಂದು ವಾರವಾಗಿತ್ತು. ಮಂಗಳವಾರ, ಬೆಳಗ್ಗೆ ಏಳೂವರೆ. ಸೂರ್ಯ ಇನ್ನೂ ಬೆಟ್ಟದ ಬೆನ್ನ ಹಿಂದೆಯೇ ಇದ್ದ. ರಕ್ಷಣಾ ಠಾಣೆಯ ಕೋಣೆಯಲ್ಲಿ ಮಾತ್ರ ಜಗಳ ಆಗಲೇ ಹುಟ್ಟಿ, ಹಲ್ಲುಜ್ಜಿ, ಚಹಾ ಕುಡಿದು ಕೂತಿತ್ತು. ಜಗಳ ಇಷ್ಟೇ: ಅಭ್ಯಾಸಕ್ಕೆ ಹೊರುವ ಸ್ಟ್ರೆಚರಿನ ಮೇಲೆ ಯಾರು ಮಲಗಬೇಕು?

"ಷಡ್ಡಕನ್ನೇ ಮಲಗಿಸೋಣ," ಎಂದ ಹಗ್ಗದ ಮೇಸ್ತ್ರಿ. ಬೆಟ್ಟದಲ್ಲಿ ಬಿದ್ದವರನ್ನು, ದಾರಿ ತಪ್ಪಿದವರನ್ನು ಇಳಿಸಿ ತರುವ ಆ ತಂಡಕ್ಕೆ ಅವನೇ ಮುಖ್ಯಸ್ಥ.

ಷಡ್ಡಕ ಎಂದರೆ ರಬ್ಬರಿನ ಬೊಂಬೆ. ಎದೆ ಒತ್ತಿ ಉಸಿರು ತುಂಬುವ ಪಾಠಕ್ಕೆಂದು ದೊಡ್ಡಾಸ್ಪತ್ರೆಯವರು ಕೊಟ್ಟದ್ದು. ಸೊಂಟದಿಂದ ಕೆಳಗೆ ಏನೂ ಇಲ್ಲ, ಬಾಯಿ ಮಾತ್ರ ಮೂರು ಹೊತ್ತೂ ತೆರೆದಿರುತ್ತದೆ. ಎಷ್ಟು ಗುದ್ದಿದರೂ ಯಾರ ಕರುಳೂ ಚುರುಕ್ ಎನ್ನಬಾರದು ಎಂದೇ ಯೋಚಿಸಿ ಇಟ್ಟ ಹೆಸರು ಅದು.

"ಅರ್ಧ ಆಳನ್ನ ಹೊತ್ರೆ ಅರ್ಧ ಅಭ್ಯಾಸ ಆಗುತ್ತೆ," ಎಂದು ಗೇಟಕ್ಕನ ತಮ್ಮ ಬಾಗಿಲಲ್ಲಿ ನಿಂತು ನಕ್ಕ. "ನಾನಿಲ್ವೇನ್ರೋ? ಬೂಟು ಬಿಚ್ಚಿದ್ರೆ ನಲವತ್ತೊಂಬತ್ತು ಕೆಜಿ. ಹೊರೋಕೂ ಹಗುರ, ನೋಡೋಕೂ ಲಕ್ಷಣ."

"ಬಾಯಿ ಒಂದನ್ನೇ ತೂಗಿದ್ರೆ ಇನ್ನೊಂದು ಹತ್ತು ಕೆಜಿ ಬರುತ್ತೆ," ಎಂದಳು ಗೇಟಕ್ಕ, ಚಹಾದ ಲೋಟದಿಂದ ತಲೆ ಎತ್ತದೆ.

ಇವಳಿಗೆ ಗೇಟಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದವಳು. ಒಮ್ಮೆ ಸ್ಟೇಷನ್ನಿನ ಸಾಹೇಬರ ಕಾರನ್ನೇ ಗೇಟಿನಾಚೆ ಇಪ್ಪತ್ತು ನಿಮಿಷ ನಿಲ್ಲಿಸಿದ್ದಳು. ಸಾಹೇಬರು ಹಾರ್ನು ಹೊಡೆದರು, ಕೂಗಿದರು, ಕೊನೆಗೆ ಇಳಿದು ಬಂದು ಕೈಯನ್ನೂ ಮುಗಿದರು. "ಗಾಡಿ ಹೋಗ್ಲಿ ಸಾರ್, ಆಮೇಲೆ ನೀವು," ಎಂದು ಹಸಿರು ಬಾವುಟ ಸುತ್ತುತ್ತಾ ಕೂತಿದ್ದಳು. ಓದು ಮೂರನೇ ಕ್ಲಾಸಿಗೆ ನಿಂತಿದ್ದರೂ ಗಡಿಯಾರದ ಮುಖ ಮಾತ್ರ ನಿದ್ದೆಗಣ್ಣಲ್ಲೂ ಓದುತ್ತಿದ್ದಳು. ಕೆಲಸದಿಂದ ಇಳಿದ ಮೇಲೆ ತಂಡದವರು ಅವಳನ್ನು ಕರೆದುಕೊಂಡದ್ದು ಚಹಾ ಕಾಯಿಸಲಿಕ್ಕೆ. ಈಗ ಅವಳ ಕೈಯಲ್ಲಿದ್ದದ್ದು ಚಹಾಕ್ಕಿಂತ ಬಿಸಿಯಾದ ಕೆಲಸ.

ಆ ಕೆಲಸ ಅವಳಿಗೆ ಬರಲು ಕಾರಣ ಬೇಕರಿಯವನು. ಬೇಕರಿಯವನೆಂದರೆ ಅವಳ ತಮ್ಮನ ಅಳಿಯ. ಆ ಊರಲ್ಲಿ ಅವನಷ್ಟು ಚೆನ್ನಾಗಿ ಎದೆ ಒತ್ತುವವರು ಯಾರೂ ಇರಲಿಲ್ಲ. ದಿನಾ ಎರಡು ಮೂಟೆ ಹಿಟ್ಟು ನಾದುವ ತೋಳು, ನಿಮಿಷಕ್ಕೆ ನೂರಹತ್ತು ಏಟು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಅವನ ದೋಷ ಒಂದೇ, ನಿಲ್ಲಿಸಲು ಬಾರದು. ಎರಡು ಚಳಿಗಾಲದ ಹಿಂದೆ, ಬಂಡೆಯಿಂದ ಜಾರಿ ತಲೆ ಒಡೆದು ಸತ್ತವನೊಬ್ಬನ ಎದೆಯನ್ನು ಬಿರುಗಾಳಿಯಲ್ಲಿ ಎರಡೂಮುಕ್ಕಾಲು ಗಂಟೆ ಒತ್ತಿದ್ದ. ಬಿಡು ಎಂದರೆ ಬಿಡಲಿಲ್ಲ. ಎಳೆದರೆ ಒದ್ದ. ಸತ್ತವನು ಸತ್ತೇ ಇದ್ದ. ಬೇಕರಿಯವನನ್ನು ಬಿಟ್ಟು ಇಳಿಯಲಾರದೆ ಪಕ್ಕದಲ್ಲಿ ನಿಂತ ಹಗ್ಗದ ಮೇಸ್ತ್ರಿಯ ಕಾಲಿನ ಎರಡು ಬೆರಳು ಚಳಿಗೆ ಕಪ್ಪಾಗಿ, ಆಸ್ಪತ್ರೆಯಲ್ಲಿ ಉದುರಿದವು.

ಆಗ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಂದು ಎಲ್ಲರನ್ನೂ ಕೂರಿಸಿ ಹೇಳಿದ್ದಳು:

"ಒತ್ತೋದು ನಿಮಗೆಲ್ಲ ಬರುತ್ತೆ. ನಿಲ್ಲಿಸೋದು ಒಬ್ರಿಗೂ ಬರಲ್ಲ. ಇನ್ಮೇಲೆ ಒತ್ತೋರು ತೀರ್ಮಾನ ಮಾಡೋ ಹಾಗಿಲ್ಲ, ತೀರ್ಮಾನ ಮಾಡೋರು ಮುಟ್ಟೋ ಹಾಗಿಲ್ಲ. ಒಬ್ರ ಕೈಲಿ ಗಡಿಯಾರ. ಉಸಿರಿಲ್ಲ, ನಾಡಿ ಇಲ್ಲ, ಶಾಕ್ ಕೊಡೋ ಯಂತ್ರ ಬೇಡ ಅಂತಿದೆ, ಆಸ್ಪತ್ರೆ ಗಂಟೆಗಟ್ಟಲೆ ದೂರ. ಹಾಗಿದ್ರೆ ಮೂವತ್ತು ನಿಮಿಷ, ಅಷ್ಟೇ. ಗಡಿಯಾರದವರು 'ಸಾಕು' ಅಂದ್ರೆ ಎಲ್ರ ಕೈ ಮೇಲೆ."

"ಚಳೀಲಿ ಹೆಪ್ಪುಗಟ್ಟಿದೋರು?" ಎಂದಿದ್ದ ಬೇಕರಿಯವನು.

"ಅವರದ್ದು ಬೇರೆ ಲೆಕ್ಕ. ಬೆಚ್ಚಗಾಗೋ ತನಕ ಅವರು ಸತ್ರು ಅನ್ನಬಾರದು. ಸಿಡಿಲು ಹೊಡೆದೋರು, ನೀರಲ್ಲಿ ಮುಳುಗಿದೋರದ್ದೂ ಬೇರೆ. ಆದ್ರೆ ಒತ್ತೋರಿಗೇ ಅಪಾಯ ಅಂದ್ರೆ ಆ ಕ್ಷಣವೇ ನಿಲ್ಲಿಸ್ಬೇಕು, ಯಾರೇ ಆಗಿರ್ಲಿ. ಮತ್ತೆ, ಮಲಗಿರೋದು ಸ್ವಂತದೋರಾದ್ರೆ ಗಡಿಯಾರ ಬೇರೆಯವರಿಗೆ ಕೊಡ್ಬೇಕು."

ಗಡಿಯಾರ ಯಾರಿಗೆ ಎಂದು ಡಾಕ್ಟರಮ್ಮ ಕೇಳುವ ಮೊದಲೇ ಎಲ್ಲರ ಕಣ್ಣು ಚಹಾದ ಒಲೆಯ ಕಡೆ ತಿರುಗಿದ್ದವು. ಅಲ್ಲಿಂದೀಚೆಗೆ ನಾಲ್ಕು ಸಲ ಗೇಟಕ್ಕ 'ಸಾಕು' ಎಂದಿದ್ದಳು. ನಾಲ್ಕು ಸಲವೂ ಮೂವತ್ತಕ್ಕೆ ಸರಿಯಾಗಿ. ನಾಲ್ಕು ಸಲವೂ ಬೇಕರಿಯವನು ಮೂಗಿನಲ್ಲಿ ಏನೋ ಗೊಣಗಿ ಕೈ ತೆಗೆದಿದ್ದ. "ಅತ್ತೆಗೆ ಕರುಳಿನ ಜಾಗದಲ್ಲಿ ಸ್ಪ್ರಿಂಗು ಇದೆ," ಎಂದು ಹೆಂಡತಿಯ ಹತ್ತಿರ ಹೇಳಿದ್ದನಂತೆ. ಅದು ಗೇಟಕ್ಕನ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಳು.

ಅಂತೂ ಆ ಮಂಗಳವಾರ ತಮ್ಮನೇ ಸ್ಟ್ರೆಚರಿನ ಮೇಲೆ ಮಲಗಿದ. ಅವನ ಕಸುಬು ಬೆಟ್ಟದ ದಾರಿಯ ಬಂಡೆಗಳ ಮೇಲೆ ನಡೆದು ಹೋಗುವವರಿಗಾಗಿ ಬಣ್ಣದ ಬಾಣ ಬರೆಯುವುದು. ಅರವತ್ತಮೂರು ವರ್ಷವಾದರೂ ಬುದ್ಧಿಗೆ ಮಾತ್ರ ಆರೇ. ಅಭ್ಯಾಸಕ್ಕೆ ರೋಗಿಯಾಗುವುದೆಂದರೆ ಅವನಿಗೆ ಪ್ರಾಣ. ಸತ್ತವನಂತೆ ಉಸಿರು ಹಿಡಿದು ಬಿದ್ದಿರುತ್ತಿದ್ದ. ತಂಡದಲ್ಲಿದ್ದ ಲೆಕ್ಕದ ಮೇಷ್ಟ್ರು ಬಾಗಿ ಕಿವಿ ಇಟ್ಟಾಗ ಅವರ ಮೀಸೆ ಹಿಡಿದು ಎಳೆಯುತ್ತಿದ್ದ. ಒಮ್ಮೆ ಡಾಕ್ಟರಮ್ಮನೇ ನಾಡಿ ಹಿಡಿದಾಗ, ಕಣ್ಣು ಮುಚ್ಚಿಕೊಂಡೇ "ಏನಾದ್ರೂ ಸಿಕ್ತಾ?" ಎಂದಿದ್ದ. ಅವನ ಕಳ್ಳಸಾವನ್ನು ಹಿಡಿಯುವ ಗುಟ್ಟು ಅಕ್ಕನಿಗೆ ಒಬ್ಬಳಿಗೇ ಗೊತ್ತಿತ್ತು. ಎಷ್ಟೇ ಚೆನ್ನಾಗಿ ಸತ್ತರೂ, ಯಾರು ಯಾರು ನೋಡುತ್ತಿದ್ದಾರೆ ಎಂದು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದೇ ಇರುತ್ತಿದ್ದ.

ಆ ಸ್ಟ್ರೆಚರಿಗೆ ಕೆಳಗೆ ಒಂದೇ ಒಂದು ಚಕ್ರ. ಮುಂದೆ ಬೇಕರಿಯವನು, ಹಿಂದೆ ಹಗ್ಗದ ಮೇಸ್ತ್ರಿ, ಪಕ್ಕದಲ್ಲಿ ಆಧಾರಕ್ಕೆ ಲೆಕ್ಕದ ಮೇಷ್ಟ್ರು. ಮೇಷ್ಟ್ರ ಬೆನ್ನಿಗೆ ಶಾಕ್ ಯಂತ್ರದ ಚೀಲ. ತಂಡದ ಉಳಿದವರು ಅವರವರ ಕೆಲಸಕ್ಕೆ ಹೋಗಿದ್ದರು. ಗೇಟಕ್ಕ ಕೋಲೂರಿಕೊಂಡು, ಮಂಡಿಯನ್ನು ಬೈಯುತ್ತಾ ಹಿಂದೆ ಹಿಂದೆ ಬಂದಳು. ಮೇಲಿನ ಕೊರಕಲಿನ ತನಕ ಹೋಗಿ, ಅಲ್ಲಿಂದ ತಿರುಗಿ ಹನ್ನೊಂದರೊಳಗೆ ವಾಪಸು ದಾಟಬೇಕು ಎಂಬುದು ಲೆಕ್ಕ. ಹನ್ನೊಂದಕ್ಕೆ ಕೊರಕಲಿನ ನೆತ್ತಿಗೆ ಬಿಸಿಲು ಬೀಳುತ್ತದೆ. ರಾತ್ರಿಯೆಲ್ಲ ಮಂಜು ಕಚ್ಚಿ ಹಿಡಿದ ಕಲ್ಲುಗಳು ಬಿಸಿಲು ತಾಗಿದ ಕೂಡಲೇ ಹಿಡಿ ಬಿಡುತ್ತವೆ.

"ಮೆಲ್ಲಗೆ ಕಣ್ರೋ, ಒಳಗೆ ಪಿಂಗಾಣಿ ಇದೆ," ಎನ್ನುತ್ತಿದ್ದ ತಮ್ಮ. "ಅಳಿಯಂದ್ರೇ, ಈ ಹಲಗೆ ನಿಮ್ಮ ಬ್ರೆಡ್ಡಿಗಿಂತ ಮೆತ್ತಗಿದೆ."

"ಮಾವ, ಕೈ ಜಾರುತ್ತೆ ನೋಡಿ," ಎಂದ ಬೇಕರಿಯವನು.

"ಜಾರಲಿ. ನನ್ನ ಮಗಳಿಗೆ ಬುದ್ಧಿ ಬರುತ್ತೆ. ಹನ್ನೊಂದು ವರ್ಷದ ಹಿಂದೇನೇ ಹೇಳಿದ್ದೆ, ಒಳಗೆ ಹಸಿಹಸಿ ಇರೋ ಬ್ರೆಡ್ಡು ಮಾಡೋನು ಸಂಸಾರ ಹೇಗೆ ಮಾಡ್ತಾನೆ ಅಂತ."

"ನಾನು ನಿಮ್ಮ ಅಳಿಯ ಅಲ್ಲ ಬಿಡಿ."

"ಅಳಿಯ ಅಲ್ಲ, ಮಗಳ ಗಂಡ! ಎರಡೂ ಒಂದೇ ಕಣಯ್ಯ."

ಮೇಷ್ಟ್ರು ನಗುತ್ತಾ ಕಾಲು ಎಡವಿದರು. ಕೊರಕಲಿನ ಬುಡದ ತಿರುವು ಬಂತು. ಅದು ಉದ್ದನೆಯ ತಿರುವೇನೂ ಅಲ್ಲ, ನೂರು ಹೆಜ್ಜೆ. ಅದು ಮುಗಿಯುವಷ್ಟರಲ್ಲಿ ಬೇಕರಿಯವನು ನಿಂತ.

"ಮಾವ ನನ್ನ ಬೈಯದೆ ಒಂದು ತಿರುವು ದಾಟಿದ್ರು. ಏನೋ ಮಸಲತ್ತು ನಡೀತಿದೆ."

ಹಾಸುಗಲ್ಲಿನ ಪಕ್ಕ ಸ್ಟ್ರೆಚರು ಇಳಿಸಿದರು. ತಮ್ಮ ಬಾಯಿ ಅರ್ಧ ತೆರೆದುಕೊಂಡು ಮಲಗಿದ್ದ.

"ಎದ್ದೇಳಿ ಮಾವ, ನೋಡಿದ್ದೀವಿ ಈ ನಾಟಕಾನ."

"ಮೂಗು ಹಿಡೀರಿ ಮೇಷ್ಟ್ರೇ, ತಾನಾಗೇ ಏಳ್ತಾನೆ," ಎಂದ ಮೇಸ್ತ್ರಿ.

ಮೇಷ್ಟ್ರು ಮೀಸೆಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಇನ್ನೊಂದರಲ್ಲಿ ಮೂಗು ಹಿಡಿದರು. ಅಷ್ಟು ಹೊತ್ತಿಗೆ ಗೇಟಕ್ಕ ಕೋಲೂರಿಕೊಂಡು ಬಂದಳು. ತಮ್ಮನ ಮುಖ ನೋಡಿದಳು. ಎರಡೂ ಕಣ್ಣು ಒಂದೇ ಅಳತೆಗೆ ತೆರೆದಿದ್ದವು. ಯಾರನ್ನೂ ನೋಡುತ್ತಿರಲಿಲ್ಲ.

"ಬಿಡ್ರೋ ಮೂಗು! ಇದು ಅವನ ಸಾವಲ್ಲ, ನಿಜದ್ದು. ಕೈ ಹಾಕಿ!" ಎಂದು ಕೂಗಿದಳು. ಅರ್ಧ ನಿಮಿಷ ಹಾಳಾಗಿತ್ತು. ಗಡಿಯಾರ ನೋಡಿದಳು: ಹತ್ತು ಮೂವತ್ತೆರಡು.

ಅವನನ್ನು ಹಾಸುಗಲ್ಲಿನ ಮೇಲೆ ಎಳೆದು ಮಲಗಿಸಿದರು. ಬೇಕರಿಯವನು ಮಂಡಿಯೂರಿ ಶುರುಮಾಡಿದ. ಮೂವತ್ತು ಒತ್ತು, ಎರಡು ಉಸಿರು. ಎರಡು ನಿಮಿಷಕ್ಕೊಮ್ಮೆ ಆಳು ಬದಲು. ಮೊದಲ ಸುತ್ತಿನಲ್ಲೇ ಪಕ್ಕೆಲುಬು ಲಟಕ್ಕೆಂದಿತು. ಬೇಕರಿಯವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು, ಕೈ ನಿಲ್ಲಲಿಲ್ಲ. ಮೇಷ್ಟ್ರು ಅಂಗಿ ಕತ್ತರಿಸಿ ಯಂತ್ರದ ಅಂಟುಪಟ್ಟಿ ಹಚ್ಚಿದರು. ಯಂತ್ರ ಹೆಂಗಸಿನ ದನಿಯಲ್ಲಿ, ಹಲ್ಲು ಕಾಣದ ಹಾಗೆ ಮಾತಾಡಿತು: "ಶಾಕ್ ಬೇಡ. ಒತ್ತುವುದನ್ನು ಮುಂದುವರಿಸಿ."

ಮೇಸ್ತ್ರಿ ರೇಡಿಯೋ ತೆಗೆದ. ಕೊರಕಲಿನ ಬುಡದಲ್ಲಿ ಅದು ಎಂದೂ ಮಾತಾಡಿದ್ದಿಲ್ಲ, ಅಂದೂ ಮಾತಾಡಲಿಲ್ಲ. ಕಣಿವೆಯಲ್ಲಿ ಮೋಡ ಮುಚ್ಚಿತ್ತು, ಹೆಲಿಕಾಪ್ಟರಿನ ಮಾತೇ ಇಲ್ಲ. ಹೊತ್ತು ಇಳಿಸಿದರೆ ಆಸ್ಪತ್ರೆಗೆ ಐದು ಗಂಟೆ. ಮೇಸ್ತ್ರಿ ಗೇಟಕ್ಕನ ಕಡೆ ಕೈ ಚಾಚಿದ.

"ಅಕ್ಕಾ, ಗಡಿಯಾರ ಕೊಡಿ. ಸ್ವಂತದೋರು ಹಿಡ್ಕೊಳ್ಳೋ ಹಾಗಿಲ್ಲ."

"ನಿನ್ನ ಕೈ ಒತ್ತೋಕೆ ಬೇಕು. ಇರೋದೇ ಮೂರು ಜನ. ಹೋಗು, ನಿನ್ನ ಸರದಿ."

ಅದು ನಿಜವೂ ಆಗಿತ್ತು. ಅದಕ್ಕೇ ಯಾರೂ ಎದುರಾಡಲಿಲ್ಲ. ತಪ್ಪು ನಡೆದದ್ದು ಅಲ್ಲೇ.

ಮೊದಲ ಹತ್ತು ನಿಮಿಷ ಗೇಟಕ್ಕ ನಿಜವಾದ ಗೇಟಕ್ಕನೇ ಆಗಿದ್ದಳು. ಚಪ್ಪಾಳೆ ತಟ್ಟಿ ಆಳು ಬದಲಿಸಿದಳು. "ಎಂಟು." "ಹತ್ತು." ಯಂತ್ರ ಎರಡು ನಿಮಿಷಕ್ಕೊಮ್ಮೆ ಅದೇ ಪಾಠ ಒಪ್ಪಿಸುತ್ತಿತ್ತು. ಹದಿನಾರರ ಹೊತ್ತಿಗೆ ಅವಳ ಬಾಯಿ ಮೆಲ್ಲಗಾಯಿತು. ಇಪ್ಪತ್ತರ ಹೊತ್ತಿಗೆ ಅವಳು ಗಡಿಯಾರ ನೋಡಿ ಬೇರೆ ಏನನ್ನೋ ಹೇಳಿದಳು.

"ಎಷ್ಟಾಯ್ತಕ್ಕ?"

"ಹದಿನೇಳು."

ಲೆಕ್ಕದ ಮೇಷ್ಟ್ರು ತಲೆ ಎತ್ತಿದರು. ಅವರು ಸರದಿ ಎಣಿಸಿಟ್ಟಿದ್ದರು, ಹತ್ತು ಸರದಿ. ಹತ್ತೆರಡಲ ಇಪ್ಪತ್ತು. ಇದಕ್ಕಿಂತ ಸಣ್ಣ ತಪ್ಪಿಗೆ ಅವರು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಬಾಯಿ ತೆರೆದರು. ಮೇಸ್ತ್ರಿ ಕಣ್ಣಲ್ಲೇ ಗದರಿಸಿದ. ಬಾಯಿ ಮುಚ್ಚಿದರು.

ಹನ್ನೊಂದಕ್ಕೆ ಬಿಸಿಲು ಕೊರಕಲಿನ ನೆತ್ತಿ ಮುಟ್ಟಿತು. ಮೇಲೆಲ್ಲೋ ಒಂದು ಕಲ್ಲು ಕಟಕಟ ಎಂದು ಇಳಿದು, ಅವರಿಂದ ಇಪ್ಪತ್ತು ಮಾರು ದೂರದಲ್ಲಿ ಹಿಮದೊಳಗೆ ಹೂತುಕೊಂಡಿತು. ಎಲ್ಲರೂ ಅದನ್ನು ನೋಡಿದರು. ಆಮೇಲೆ ಗೇಟಕ್ಕನನ್ನು ನೋಡಿದರು.

"ಹತ್ತೊಂಬತ್ತು," ಎಂದಳು.

"ಅಕ್ಕಾ," ಎಂದ ಮೇಸ್ತ್ರಿ.

"ಹತ್ತೊಂಬತ್ತು ಅಂದೆ. ಗಡಿಯಾರ ನಿನ್ನ ಕೈಲಿದೆಯೋ ನನ್ನ ಕೈಲಿದೆಯೋ?"

ಹನ್ನೊಂದೂ ಎರಡು ದಾಟಿತು. ಹನ್ನೊಂದೂ ಹತ್ತು ದಾಟಿತು. ಗಡಿಯಾರ ಅಂಗೈಯೊಳಗಿತ್ತು. ಅವಳು ಅದನ್ನು ನೋಡುತ್ತಲೇ ಇದ್ದಳು, ಮುಳ್ಳು ಓಡುವುದು ಕಾಣುತ್ತಲೇ ಇತ್ತು, ಬಾಯಿಗೆ ಮಾತ್ರ ಆ ಒಂದು ಮಾತು ಬರಲೊಲ್ಲದು. ಬೇರೆಯವರ ತಮ್ಮಂದಿರಿಗೆ ನಾಲ್ಕು ಸಲ ಹೇಳಿದ ಮಾತು. ಎಷ್ಟು ಸಣ್ಣ ಮಾತು! ಮಗುವಿಗೆ ಅನ್ನ ಬಡಿಸುವಾಗಲೂ ಬರುವ ಮಾತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡು, ಚಪ್ಪಾಳೆ ತಟ್ಟಿ, "ಇಪ್ಪತ್ತೊಂದು," ಎಂದಳು.

ಇನ್ನೊಂದು ಕಲ್ಲು ಬಂತು, ಬ್ರೆಡ್ಡಿನ ಗಾತ್ರದ್ದು. ಅದು ಮೇಷ್ಟ್ರ ಚೀಲಕ್ಕೆ ಬಡಿದು ಅದನ್ನು ಇಳಿಜಾರಿಗೆ ಉರುಳಿಸಿತು. ಮೇಷ್ಟ್ರ ಬುತ್ತಿ ಕಣಿವೆಯ ಪಾಲಾಯಿತು. ಹಾಸುಗಲ್ಲಿನ ಮೇಲಿದ್ದ ಯಂತ್ರ, "ಒತ್ತುವುದನ್ನು ಮುಂದುವರಿಸಿ," ಎಂದಿತು.

"ಇವಳಿಗೇನು ಹೇಳೋಕೆ! ಕಲ್ಲು ಬೀಳೋಕೆ ಇವಳಿಗೆ ತಲೆ ಎಲ್ಲಿದೆ?" ಎಂದರು ಮೇಷ್ಟ್ರು, ಯಂತ್ರವನ್ನು ದುರುಗುಟ್ಟಿ ನೋಡಿ.

ಬೇಕರಿಯವನು ಒತ್ತುತ್ತಲೇ ಅತ್ತೆಯನ್ನು ನೋಡಿದ. ಅವನ ತೋಳಿಗೆ ಸುಳ್ಳು ಹೇಳಲು ಯಾವ ಗಡಿಯಾರಕ್ಕೂ ಸಾಧ್ಯವಿಲ್ಲ. ಹಿಟ್ಟು ಹದಕ್ಕೆ ಬರಲು ಎಷ್ಟು ಹೊತ್ತು ಬೇಕೆಂದು ಇಪ್ಪತ್ತು ವರ್ಷದಿಂದ ಎಣಿಸಿದ ತೋಳು ಅದು. ನಲವತ್ತೈದು ದಾಟಿದೆ ಎಂದು ಅದು ಹೇಳುತ್ತಿತ್ತು. ಎರಡೂಮುಕ್ಕಾಲು ಗಂಟೆ ಒತ್ತಿದ ದಿನ ತನ್ನ ಮುಖ ಹೇಗಿದ್ದಿರಬೇಕೆಂದು ಅವನು ಯಾರನ್ನೂ ಕೇಳಿರಲಿಲ್ಲ. ಈಗ ಅದು ಅತ್ತೆಯ ಮುಖದಲ್ಲಿ ಕಂಡಿತು. ಆ ದಿನ ಎಷ್ಟು ಜನ ಎಷ್ಟು ಕೂಗಿದರೂ ತನಗೆ ಕೇಳಿಸಿರಲಿಲ್ಲ ಎಂಬುದೂ ನೆನಪಾಯಿತು. ಕೂಗಿ ಫಲವಿಲ್ಲ, ಬೇರೆ ಉಪಾಯ ಬೇಕು.

ಅವನು ಇದ್ದಕ್ಕಿದ್ದಂತೆ "ಅಯ್ಯಯ್ಯೋ!" ಎಂದು ಮಣಿಕಟ್ಟು ಹಿಡಿದುಕೊಂಡ. ಹಿಡಿದುಕೊಂಡದ್ದು ಎಡಗೈ, ಒದರಿದ್ದು ಬಲಗೈ.

"ಅತ್ತೆ, ನನ್ನ ಕೈ ಉಳುಕಿತು! ಬನ್ನಿ ಬನ್ನಿ, ನೀವು ಒತ್ತಿ!"

"ನಾನಾ? ಮೇಸ್ತ್ರಿ ಇದ್ದಾನಲ್ಲ!"

ಮೇಸ್ತ್ರಿ ಒಂದು ಕ್ಷಣ ಬೇಕರಿಯವನ ಮುಖ ನೋಡಿದ. ಆಮೇಲೆ ಮೆಲ್ಲಗೆ ಸೊಂಟ ಹಿಡಿದುಕೊಂಡ. "ನನಗೆ ಸೊಂಟ ಹಿಡೀತಕ್ಕ."

"ನನಗೆ," ಎಂದು ಮೇಷ್ಟ್ರು ಏನು ಹಿಡಿದುಕೊಳ್ಳಬೇಕೆಂದು ತೋಚದೆ ಸುತ್ತ ನೋಡಿ, "ಹಸಿವು," ಎಂದರು. "ಉಸಿರು ಬೇಕಾದ್ರೆ ತುಂಬ್ತೀನಿ."

"ನನ್ನ ಮಂಡಿ ಮಡಚಲ್ಲ ಕಣೋ! ಗಡಿಯಾರದೋರು ಮುಟ್ಟೋ ಹಾಗೂ ಇಲ್ಲ!"

"ಮಂಡಿ ಆಮೇಲೆ ನೋಡೋಣ, ಗಡಿಯಾರ ಇಲ್ಲಿ ಕೊಡಿ. ಎಷ್ಟು ಹೇಳಿದ್ರಿ ಕೊನೇಲಿ?"

"...ಇಪ್ಪತ್ತಮೂರು."

"ನೋಡಿ ಮತ್ತೆ! ಇನ್ನೂ ಏಳು ನಿಮಿಷ ಇದೆ. ಏಳು ನಿಮಿಷ ಸುಮ್ನೆ ಬಿಡೋಕಾಗುತ್ತಾ?"

ತಾನು ನೇಯ್ದ ಬಲೆಗೆ ತಾನೇ ಬಿದ್ದಿದ್ದಳು ಗೇಟಕ್ಕ. ಅಳಿಯನನ್ನು ನುಂಗುವ ಹಾಗೆ ನೋಡಿ, ಗಡಿಯಾರವನ್ನು ಅವನ ಕೈಗೆ ತುರುಕಿ, ಕೋಲು ಬಿಸಾಡಿ, ಮಂಡಿಯನ್ನು ಕೆಟ್ಟ ಮಾತಿನಲ್ಲಿ ಬೈದು, ತಮ್ಮನ ಪಕ್ಕದಲ್ಲಿ ಕೂತಳು. ಬೇಕರಿಯವನು ಗಡಿಯಾರದ ಸರಪಳಿ ಕೊರಳಿಗೆ ಹಾಕಿಕೊಂಡ. ಸೊಂಟ ಹಿಡಿದ ಮೇಸ್ತ್ರಿಯೂ ಕೈ ಉಳುಕಿದ ಬೇಕರಿಯವನೂ ಸೇರಿ ಖಾಲಿ ಸ್ಟ್ರೆಚರನ್ನು ಸಲೀಸಾಗಿ ಎತ್ತಿ, ಅಕ್ಕ ತಮ್ಮ ಇಬ್ಬರ ಮೇಲೆ ಮಾಡಿನ ಹಾಗೆ ಓರೆಯಾಗಿ ಹಿಡಿದು ನಿಂತರು. ಸಣ್ಣ ಕಲ್ಲುಗಳು ಅದರ ಮೇಲೆ ಟಪಟಪ ಎಂದವು.

"ತೋಳು ನೆಟ್ಟಗೆ ಅತ್ತೆ. ಭುಜದಿಂದ ಒತ್ತಿ."

"ಹೇಳಿಕೊಡಬೇಡ ನನಗೆ!"

ಒತ್ತಿದಳು. ಎಣಿಸಿದಳು. ಎಣಿಕೆಯ ನಡುವೆ ಬೈಗುಳ ತಾನಾಗೇ ಬಂತು.

"ಒಂದು, ಎರಡು, ಮೂರು... ಹಾಲಿನ ಕೆನೆ ತಿಂದು ಬೆಕ್ಕಿನ ಮೀಸೆಗೆ ಹಚ್ಚಿದ್ದೆ, ಬೆಕ್ಕಿಗೆ ಏಟು ಬಿತ್ತು... ಎಂಟು, ಒಂಬತ್ತು... ನನ್ನ ಹಸಿರು ಬಾವುಟ ಕದ್ದು ಚಡ್ಡಿ ಹೊಲಿಸಿಕೊಂಡಿದ್ದೆ, ಅಧಿಕಾರಿಗಳಿಗೆ ನಾನು ಏನು ಹೇಳಿದೆ ಗೊತ್ತೇನೋ... ಹದಿನೈದು... ನನ್ನ ನೋಡೋಕೆ ಬಂದ ಗಂಡಿನ ಚಪ್ಪಲಿ ಬಾವಿಗೆ ಹಾಕಿದ್ದೆ... ಹದಿನೆಂಟು... ಒಳ್ಳೇದೇ ಮಾಡಿದೆ ಬಿಡು... ಇಪ್ಪತ್ತು..."

ಮೇಷ್ಟ್ರು ಉಸಿರು ತುಂಬಿದರು. ಅವಳು ಮತ್ತೆ ಒತ್ತಿದಳು. ಎರಡನೆಯ ಸಲ ಬೈಗುಳ ಕಮ್ಮಿಯಾಯಿತು. ಮೂರನೆಯ ಸಲಕ್ಕೆ ಎಣಿಕೆ ಮಾತ್ರ ಉಳಿಯಿತು.

ಗೇಟು ಕಾಯುವ ಕಾಲದಲ್ಲಿ, ಫೋನು ಕೆಟ್ಟ ದಿನ ಅವಳು ಹಳಿಯ ಮೇಲೆ ಅಂಗೈ ಇಡುತ್ತಿದ್ದಳು. ಕಣ್ಣಿಗೆ ಕಾಣುವ ಮೊದಲೇ, ಕಿವಿಗೆ ಕೇಳುವ ಮೊದಲೇ, ಬರುವ ಗಾಡಿಯ ಸುದ್ದಿಯನ್ನು ಹಳಿ ಅಂಗೈಗೆ ಹೇಳುತ್ತಿತ್ತು. ಬಾರದಿದ್ದರೆ ಬಾರದು ಎಂದೂ ಹೇಳುತ್ತಿತ್ತು. ಇಷ್ಟು ಹೊತ್ತು ಅವಳು ನಿಂತು ನೋಡಿದ್ದಳು. ನಿಂತು ನೋಡುವವಳಿಗೆ ಪ್ರತಿ ಒತ್ತಿಗೂ ತಮ್ಮ ಅಲುಗುತ್ತಿದ್ದ ಹಾಗೆ, ಈಗ ಏಳುತ್ತಾನೆ ಈಗ ಏಳುತ್ತಾನೆ ಎಂಬ ಹಾಗೆ ಕಾಣುತ್ತಿತ್ತು. ಅಲುಗಿಸುತ್ತಿದ್ದದ್ದು ಬೇರೆಯವರ ತೋಳು. ಈಗ ತನ್ನದೇ ಅಂಗೈ ಅವನ ಎದೆಯ ಮೇಲಿತ್ತು. ಆ ಹಳಿಯ ಮೇಲೆ ಏನೂ ಬರುತ್ತಿರಲಿಲ್ಲ. ದೂರದಲ್ಲೂ ಇರಲಿಲ್ಲ.

ಮತ್ತೊಂದು ಮೂವತ್ತು ಒತ್ತಿದಳು. ಆಮೇಲೆ ಕೈ ಎತ್ತಿದಳು. ಅವನ ಹರಿದ ಅಂಗಿಯ ಎರಡು ಅಂಚನ್ನೂ ಹತ್ತಿರ ಎಳೆದು ಎದೆ ಮುಚ್ಚಿದಳು.

"ಸಾಕು."

ಬೇಕರಿಯವನು ಗಲ್ಲ ಎದೆಗೆ ಒತ್ತಿ ಗಡಿಯಾರ ನೋಡಿದ.

"ಹನ್ನೊಂದು ಇಪ್ಪತ್ತನಾಲ್ಕು, ಅತ್ತೆ."

"ನನ್ನ ಎತ್ತು," ಎಂದಳು. "ನೀನು ಮೊದಲು ಆ ಸ್ಟ್ರೆಚರು ಇಳಿಸಿ ಇವನ್ನ ಮಲಗಿಸು, ಆಮೇಲೆ ನನ್ನ ಎತ್ತು. ಕೈ ಉಳುಕಿದೆ ಅಂದ್ರೆ ಕಪಾಳಕ್ಕೆ ಬಿಡ್ತೀನಿ."

ಅವರು ತಿರುವು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಹಿಂದೆ ದೊಡ್ಡ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ಇಳಿಯುವಾಗ ಬೇಕರಿಯವನು ಎರಡು ಸಲ ಬಾಯಿ ತಪ್ಪಿ, "ಮಾವ, ಇಲ್ಲಿ ಸ್ವಲ್ಪ ಕುಲುಕುತ್ತೆ," ಎಂದ. ಎರಡನೆಯ ಸಲ ಅಂದ ಮೇಲೆ ತಾನೇ ಅತ್ತುಬಿಟ್ಟ, ಚಕ್ರ ಮಾತ್ರ ಓರೆಯಾಗಲು ಬಿಡಲಿಲ್ಲ.

ಮನೆಯ ಮೆಟ್ಟಿಲಲ್ಲಿ ಮಗಳು ನಿಂತಿದ್ದಳು. ಅಪ್ಪನನ್ನು ನೋಡಿದಳು, ಗಂಡನ ಬೊಬ್ಬೆ ಎದ್ದ ಅಂಗೈ ನೋಡಿದಳು.

"ಯಾರು ನಿಲ್ಲಿಸಿದ್ದು?" ಎಂದು ಕೇಳಿದಳು.

ದಾರಿಯುದ್ದಕ್ಕೂ ಬೇಕರಿಯವನು ಹೆದರಿದ್ದು ಈ ಒಂದು ಪ್ರಶ್ನೆಗೆ. ಅವನು ಬಾಯಿ ತೆರೆಯುವ ಮೊದಲೇ ಗೇಟಕ್ಕ ಅಡ್ಡ ಬಂದಳು. "ನಾನು ಕಣೇ. ಇವನಾಗಿದ್ರೆ ಇನ್ನೂ ಅಲ್ಲೇ ಇರ್ತಿದ್ದ." ಮಗಳು ಅತ್ತೆಯ ಹೆಗಲಿಗೆ ಮುಖ ಒತ್ತಿದಳು.

ಗುರುವಾರ ಡಾಕ್ಟರಮ್ಮ ಫಾರಂ ಹಿಡಿದುಕೊಂಡು ಠಾಣೆಗೆ ಬಂದಳು. ಬುಧವಾರವಿಡೀ ಮೂವರು ಗಂಡಸರು ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು ಒಂದೇ ಮಾತನ್ನು ಗಿಣಿಪಾಠ ಮಾಡಿದ್ದರು. ಅದು ಗೇಟಕ್ಕನಿಗೆ ತಿಳಿದಿರಲಿಲ್ಲ.

"ಶುರು ಮಾಡಿದ್ದು?"

"ಹತ್ತು ಮೂವತ್ತೆರಡು," ಎಂದರು ಮೂವರೂ ಒಟ್ಟಿಗೆ.

"ನಿಲ್ಲಿಸಿದ್ದು?"

"ಹನ್ನೊಂದೂ ಎರಡು!" ಮತ್ತೆ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ. "ಸರಿಯಾಗಿ ಮೂವತ್ತು ನಿಮಿಷ," ಎಂದು ಮೇಷ್ಟ್ರು ಕಳೆಯುವ ಲೆಕ್ಕವನ್ನೂ ಸೇರಿಸಿದರು. ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಲೆಕ್ಕ ಅದು. ಕಿವಿ ಕೆಂಪಾಗಿತ್ತು.

"ಯಾರು 'ಸಾಕು' ಅಂದಿದ್ದು?"

"ನಾನು," ಎಂದ ಮೇಸ್ತ್ರಿ.

"ನಾನು," ಎಂದರು ಮೇಷ್ಟ್ರು.

"ನಾನು," ಎಂದ ಬೇಕರಿಯವನು.

ಅದೊಂದನ್ನು ಮಾತಾಡಿಕೊಳ್ಳಲು ಮರೆತಿದ್ದರು. ಡಾಕ್ಟರಮ್ಮನ ಪೆನ್ನು ಗಾಳಿಯಲ್ಲೇ ನಿಂತಿತು. ಮೂವರೂ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯಲು ಶುರುಮಾಡಿದರು.

"ತೆಪ್ಪಗಿರ್ರೋ, ಸುಳ್ಳು ಹೇಳೋಕೂ ಒಂದು ಯೋಗ್ಯತೆ ಬೇಕು," ಎಂದಳು ಗೇಟಕ್ಕ, ಒಲೆಯ ಹತ್ತಿರದಿಂದ. ಲೋಟಗಳನ್ನು ತಂದಿಟ್ಟು ಎದುರಿಗೆ ಕೂತಳು. "ಬರ್ಕೊಳ್ಳಿ ಡಾಕ್ಟರಮ್ಮ. ಹನ್ನೊಂದು ಇಪ್ಪತ್ತನಾಲ್ಕು. ಐವತ್ತೆರಡು ನಿಮಿಷ. ಮೇಲಿನ ಇಪ್ಪತ್ತೆರಡು ನಾನು ಕದ್ದಿದ್ದು. ಗಡಿಯಾರ ನೋಡ್ಕೊಂಡೇ ಸುಳ್ಳು ಹೇಳಿದೆ. ಕಲ್ಲು ಬೀಳ್ತಾ ಇತ್ತು, ಈ ಮೂವರ ತಲೆ ಮೇಲೆ. ಆದ್ರೂ ಹೇಳಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಹತ್ತನೇ ನಿಮಿಷಕ್ಕೇ ಗೊತ್ತಿತ್ತಾ ನಿಮಗೆ?"

"ಕಣ್ಣು ನೋಡಿದಾಗ್ಲೇ ಗೊತ್ತಿತ್ತು."

"ಮೂವತ್ತಕ್ಕೆ ನಿಲ್ಲಿಸಿದ್ರೂ ಅವರು ಉಳೀತಿರಲಿಲ್ಲ ಅಕ್ಕ, ಐವತ್ತೆರಡಕ್ಕೂ ಅಷ್ಟೇ. ಆದ್ರೆ ಒಂದು ದೊಡ್ಡ 'ಆದ್ರೆ' ಇದೆ."

"ಗೊತ್ತು. ಕಲ್ಲು ಇವರ ಮೇಲೆ ಬಿದ್ದಿದ್ರೆ ನಿಮಗೆ ನಾಲ್ಕು ಫಾರಂ ತುಂಬೋ ಕೆಲಸ ಬೀಳ್ತಿತ್ತು."

"ಐದು," ಎಂದಳು ಡಾಕ್ಟರಮ್ಮ. "ನಿಮ್ಮದೂ ಸೇರಿಸಿ." ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ಬರೆದುಕೊಂಡಳು. ಬರೆದು ಮುಗಿಸಿ, "ಗಡಿಯಾರ ನೀವೇ ಇಟ್ಕೊಳ್ಳಿ. ಇನ್ನೊಂದ್ಸಲ ಹೀಗಾಗಲ್ಲ," ಎಂದಳು.

ಗೇಟಕ್ಕ ಅಳಿಯನ ಕಡೆ ನೋಡಿದಳು. ಅವನ ಮೂಗಿನ ತುದಿಯಲ್ಲಿ ಹಿಟ್ಟಿತ್ತು. ದಿನಾ ಬೆಟ್ಟ ಹತ್ತುವವನು, ದಿನಾ ಜಾರಬಹುದಾದವನು. ಅವನೂ ಈಗ ತನಗೆ ಸ್ವಂತದವನೇ ಎಂದು ಅವಳಿಗೆ ಮಂಗಳವಾರವೇ ತಿಳಿದುಹೋಗಿತ್ತು. ಹಾಗೆ ನೋಡಿದರೆ ಮೇಸ್ತ್ರಿಯೂ ಸ್ವಂತದವನೇ. ಮೇಷ್ಟ್ರು ಕೂಡ, ಆ ದರಿದ್ರ ಮೀಸೆಯ ಸಮೇತ.

"ಆಗುತ್ತೆ ಡಾಕ್ಟರಮ್ಮ," ಎಂದಳು. "ನನಗೆ ಇನ್ನು ಯಾರೂ ಹೊರಗಿನೋರು ಉಳಿದಿಲ್ಲ. ಗಡಿಯಾರ ಇವನಿಗೆ ಕೊಡಿ."

"ಬೇಕರಿಯವನಿಗಾ?" ಎಂದು ಮೇಸ್ತ್ರಿ ಹಾರಿಬಿದ್ದ. "ಅಕ್ಕಾ, ನನ್ನ ಕಾಲಲ್ಲಿ ಇನ್ನೂ ಎಂಟು ಬೆರಳು ಉಳಿದಿವೆ!"

"ನನಗೆ ನಿಲ್ಲಿಸೋಕೆ ಬರಲ್ಲ ಅತ್ತೆ, ಊರಿಗೇ ಗೊತ್ತು," ಎಂದ ಬೇಕರಿಯವನು.

"ನನ್ನೇ ನಿಲ್ಲಿಸಿದೋನು ನೀನು. ಸಾಹೇಬರ ಕೈಲಿ ಆಗಿರಲಿಲ್ಲ." ಗಡಿಯಾರವನ್ನು ಅವನ ಲೋಟದ ಪಕ್ಕ ಇಟ್ಟಳು. "ಮೂವತ್ತು ಅಂದ್ರೆ ಮೂವತ್ತು. ಬಾಯಿಗೆ ಮಾತು ಬರದೇ ಇದ್ರೆ ನಿನಗೆ ಉಪಾಯ ಗೊತ್ತಿದೆ. ಯಾರಿಗಾದ್ರೂ ಗಡಿಯಾರ ಕೊಟ್ಟು ನೀನೇ ಹೋಗಿ ಕೈ ಇಡು."

ಅವಳ ಸ್ವಂತ ಊರಿನಲ್ಲಿ, ಹಳೆಯ ರೈಲ್ವೆ ಗೇಟಿನ ಪಕ್ಕ, ಅವಳ ಎರಡು ಕೋಣೆಯ ಮನೆ ಬೀಗ ಹಾಕಿಕೊಂಡು ಕೂತಿತ್ತು. ತಮ್ಮನೊಬ್ಬ ಇದ್ದಾನೆ ಎಂದೇ ಇಷ್ಟು ವರ್ಷ ಈ ಬೆಟ್ಟದ ಬುಡದಲ್ಲಿ ಉಳಿದಿದ್ದಳು. ಬೇಕರಿಯವನೂ ಅವನ ಹೆಂಡತಿಯೂ ಇಲ್ಲೇ ಇರಿ ಎಂದು ಹೇಳಿ ಹೇಳಿ ಸೋತರು. ಬಸ್ಸಿನ ತನಕ ಪೆಟ್ಟಿಗೆ ಹೊತ್ತು ತಂದವನು ಅಳಿಯನೇ. ಪೆಟ್ಟಿಗೆ ಇಟ್ಟು ಅವನು ಬಸ್ಸಿನ ಮುಂದೆ ರಸ್ತೆ ದಾಟುವಾಗ ಡ್ರೈವರು ಹೊರಡಲು ಹಾರ್ನು ಹೊಡೆದ. ಅವಳು ಕಿಟಕಿಯಿಂದ, "ತಡಿಯಪ್ಪ, ಅವನು ದಾಟ್ಲಿ, ಆಮೇಲೆ ನೀನು," ಎಂದು ಬಸ್ಸನ್ನು ಎರಡು ನಿಮಿಷ ನಿಲ್ಲಿಸಿದಳು.

ತಮ್ಮ ಹೋದದ್ದು ಮಂಗಳವಾರ. ಅಕ್ಕ ಹೊರಟದ್ದು ಶುಕ್ರವಾರ, ಬೆಳಗ್ಗಿನ ಮೊದಲ ಬಸ್ಸಿಗೆ.